ಕಾಲೇಜು ಪ್ರಾಜೆಕ್ಟ್ ಕಂಪನಿಯಾಗುವ ಮುನ್ನ: ಅದು ಯಾರದ್ದು, ಯಾರ ಪಾಲು ಎಷ್ಟು?

ಫೈನಲ್ ಇಯರ್ ಪ್ರಾಜೆಕ್ಟ್ ಅಂದರೆ ಮೊದಲೆಲ್ಲ ಗಟ್ಟಿ ರಟ್ಟಿನ ಒಂದು ರಿಪೋರ್ಟು, ಒಂದು ವೈವಾ, ಒಂದಿಷ್ಟು ಅಂಕ. ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಮಾಡೆಲ್ಲು ಲ್ಯಾಬಿನ ಬೀರು ಮೇಲೆ ಧೂಳು ತಿನ್ನುತ್ತಾ ಕೂರುತ್ತಿತ್ತು. ಈಗ ಹಾಗಿಲ್ಲ. ಮೂರನೇ ವರ್ಷದಲ್ಲೇ ಕಾಲೇಜಿನ ಇನ್ನೊವೇಶನ್ ಸೆಲ್ ಬೆನ್ನು ಹತ್ತುತ್ತದೆ. ಐಡಿಯಾ ರಿಜಿಸ್ಟರ್ ಮಾಡಿ, ಪೇಟೆಂಟ್ ಹಾಕಿ, ಸ್ಟಾರ್ಟಪ್ ಶುರು ಮಾಡಿ ಅನ್ನುತ್ತದೆ. ಪೇಟೆಂಟ್ ಅಂದರೆ ಹೊಸದಾಗಿ ಕಂಡುಹಿಡಿದದ್ದನ್ನು ಬೇರೆಯವರು ಕೇಳದೆ ಬಳಸದಂತೆ ತಡೆಯುವ ಹಕ್ಕು. ಜೊತೆಗೆ ಸಹಿ ಹಾಕಲು ಒಂದು ಫಾರಂ ಕೊಡುತ್ತದೆ. ಅದನ್ನು ಮನೆಗೆ ತಂದರೆ ಅಪ್ಪ ಅಮ್ಮನಿಗೂ ತಲೆಬುಡ ಗೊತ್ತಾಗುವುದಿಲ್ಲ. "ಎಲ್ಲರೂ ಹಾಕ್ತಿದಾರಲ್ಲ, ನೀನೂ ಹಾಕು" ಅನ್ನುವುದೇ ಕೊನೆಯ ತೀರ್ಮಾನ.

ಕಾಲೇಜುಗಳಿಗೆ ಈ ಉತ್ಸಾಹ ಬರಲು ಕಾರಣವಿದೆ. 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಕಾಲೇಜುಗಳಲ್ಲಿ ಇನ್ನೊವೇಶನ್ ಕೌನ್ಸಿಲ್‌ಗಳನ್ನು ಶುರು ಮಾಡಿಸಿತು. 2019ರಲ್ಲಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ರಾಷ್ಟ್ರೀಯ ಇನ್ನೊವೇಶನ್ ಮತ್ತು ಸ್ಟಾರ್ಟಪ್ ನೀತಿ ಬಂತು. ಎಷ್ಟು ಪೇಟೆಂಟ್, ಎಷ್ಟು ಸ್ಟಾರ್ಟಪ್ ಅನ್ನುವ ಲೆಕ್ಕ ಕಾಲೇಜಿನ ರ‍್ಯಾಂಕಿಂಗಿಗೂ ಸೇರಿಕೊಂಡಿತು. ಹಾಗಾಗಿ ಆ ಫಾರಂನಲ್ಲಿ ಏನಿದೆ ಅನ್ನುವುದು ಈಗ ವಕೀಲರಿಗಷ್ಟೇ ಬಿಟ್ಟ ವಿಷಯವಲ್ಲ. ಪ್ರಾಜೆಕ್ಟ್ ಮಾಡುವ ಪ್ರತಿ ಹುಡುಗ ಹುಡುಗಿಗೂ ಬೇಕಾದ್ದು.

ಪ್ರಾಜೆಕ್ಟ್, ಪ್ರೊಟೊಟೈಪ್, ಪ್ರಾಡಕ್ಟ್: ಮೂರೂ ಬೇರೆ ಬೇರೆ

ಪ್ರಾಜೆಕ್ಟ್ ಅಂದರೆ ಅಂಕಕ್ಕಾಗಿ ಮಾಡುವ ಕೆಲಸ. ಅದು ಕೆಲಸ ಮಾಡದಿದ್ದರೂ ಪಾಸಾಗಬಹುದು. ಪ್ರೊಟೊಟೈಪ್ ಅಂದರೆ ಐಡಿಯಾ ನಿಜಕ್ಕೂ ನಡೆಯುತ್ತದೆ ಎಂದು ತೋರಿಸುವ ಮೊದಲ ಮಾದರಿ. ಅದನ್ನು ಮಾಡಿದವರು ಪಕ್ಕದಲ್ಲಿ ನಿಂತಿದ್ದರೆ ಚೆನ್ನಾಗಿ ನಡೆಯುತ್ತದೆ. ಪ್ರಾಡಕ್ಟ್ ಅಂದರೆ ನೀವು ಪಕ್ಕದಲ್ಲಿ ಇಲ್ಲದಾಗಲೂ, ಮಳೆಯಲ್ಲೂ, ಕರೆಂಟು ಹೋಗಿ ಬಂದರೂ, ಕೈಪಿಡಿ ಓದದವರ ಕೈಯಲ್ಲೂ ನಡೆಯುವಂಥದ್ದು.

ಎರಡನೆಯದರಿಂದ ಮೂರನೆಯದಕ್ಕೆ ಹೋಗುವ ದಾರಿಯೇ ಉದ್ದ. ಎಲೆಕ್ಟ್ರಿಕ್ ಸ್ಕೂಟರ್ ಮಾಡುವ ಏಥರ್ ಎನರ್ಜಿ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಕಟ್ಟಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಇಬ್ಬರೂ ಐಐಟಿ ಮದ್ರಾಸಿನಲ್ಲಿ ಓದಿದವರು. ಮೊದಲು ಅವರ ಯೋಚನೆ ಇದ್ದದ್ದು ಬ್ಯಾಟರಿ ಪ್ಯಾಕ್ ಮಾಡುವುದು. ಆಮೇಲೆ ಮಾರುಕಟ್ಟೆಯಲ್ಲಿದ್ದ ಎಲೆಕ್ಟ್ರಿಕ್ ಸ್ಕೂಟರ್‌ಗಳೇ ಸರಿಯಿಲ್ಲ ಅನ್ನಿಸಿ, ಇಡೀ ಗಾಡಿಯನ್ನೇ ಮಾಡಲು ಹೊರಟರು. ಕಂಪನಿ ಶುರುವಾದದ್ದು 2013ರಲ್ಲಿ, ಅದೇ ಐಐಟಿಯ ಆಸರೆಯಲ್ಲಿ. ಪ್ರೊಟೊಟೈಪನ್ನು ಜನರ ಮುಂದೆ ಇಟ್ಟದ್ದು 2016ರಲ್ಲಿ. ಗಾಡಿ ಬೆಂಗಳೂರಿನ ಗ್ರಾಹಕರ ಕೈಗೆ ಸಿಕ್ಕಿದ್ದು 2018ರಲ್ಲಿ. ಅಂದರೆ ಐದು ವರ್ಷ. ಷೇರುಪೇಟೆಗೆ ಬಂದದ್ದು 2025ರಲ್ಲಿ. ಒಂದು ಸೆಮಿಸ್ಟರಿನಲ್ಲಿ ಸ್ಟಾರ್ಟಪ್ ಕಟ್ಟಿಸುತ್ತೇವೆ ಅನ್ನುವ ಪೋಸ್ಟರ್ ನೋಡಿದಾಗ ಈ ಇಸವಿಗಳನ್ನು ನೆನಪಿಸಿಕೊಂಡರೆ ಒಳ್ಳೆಯದು.

ಸಮಯ ಹಿಡಿಯುವುದು ತಂತ್ರಜ್ಞಾನದಿಂದ ಮಾತ್ರ ಅಲ್ಲ. ಡ್ರೋನ್ ಮಾರಬೇಕಾದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಆ ಮಾದರಿಗೆ ಸರ್ಟಿಫಿಕೇಟ್ ಬೇಕು. ಬಿಪಿ ನೋಡುವ ಸಾಧನಕ್ಕೆ ವೈದ್ಯಕೀಯ ಸಾಧನಗಳ ನಿಯಮ ಅನ್ವಯಿಸುತ್ತದೆ. ಲ್ಯಾಬಿನ ಮೇಜಿನ ಮೇಲೆ ಇದ್ಯಾವುದರ ತಂಟೆಯೂ ಇರುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲವೂ ಸಲೀಸು.

ಹಾಗಾದರೆ ಪ್ರಾಜೆಕ್ಟ್ ಯಾರದ್ದು?

ಜನ ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ. "ಕಾಲೇಜಿನಲ್ಲಿ ಮಾಡಿದ್ದು, ಕಾಲೇಜಿಗೇ ಸೇರಿದ್ದು" ಎಂದು ಕೆಲವರು. "ನಾನು ಮಾಡಿದ್ದು, ನಂದೇ" ಎಂದು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಿಲ್ಲ.

ನಮ್ಮ ಪೇಟೆಂಟ್ ಕಾಯ್ದೆ 1970ರದು. ಅದರ ಪ್ರಕಾರ ಪೇಟೆಂಟ್ ಕೇಳುವ ಹಕ್ಕು ಮೊದಲು ಇರುವುದು ಹೊಸದನ್ನು ನಿಜವಾಗಿ ಕಂಡುಹಿಡಿದವರಿಗೆ. ಬೇರೆಯವರು ಕೇಳಬೇಕಾದರೆ ಕಂಡುಹಿಡಿದವರು ತಮ್ಮ ಹಕ್ಕನ್ನು ಅವರಿಗೆ ಬಿಟ್ಟುಕೊಟ್ಟಿರಬೇಕು. ಪೇಟೆಂಟನ್ನು ಹಾಗೆ ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು, ಬಾಯಿಮಾತು ನಡೆಯುವುದಿಲ್ಲ. ಈಗ ಆ ಫಾರಂನ ಕಡೆ ಮತ್ತೆ ನೋಡಿ. ಅದರಲ್ಲಿ 'ಅಸೈನ್‌ಮೆಂಟ್' ಅನ್ನುವ ಪದ ಇದ್ದರೆ ಅದು ಹೋಮ್‌ವರ್ಕ್ ಅಲ್ಲ. ಹಕ್ಕನ್ನು ಕೈಬದಲಾಯಿಸುವ ಪತ್ರ. ಕೆಲವು ಕಡೆ ಅಡ್ಮಿಶನ್ ದಿನ ಸಹಿ ಹಾಕಿದ ಮುಚ್ಚಳಿಕೆಯಲ್ಲೇ ಇಂಥ ಒಂದು ಸಾಲು ಸೇರಿರುತ್ತದೆ.

2019ರ ನೀತಿ ಕಾಲೇಜುಗಳಿಗೆ ಒಂದು ನಡುದಾರಿ ಹೇಳಿದೆ. ಸಂಸ್ಥೆಯ ಲ್ಯಾಬು, ದುಡ್ಡು ಗಣನೀಯವಾಗಿ ಬಳಕೆಯಾಗಿದ್ದರೆ ಅಥವಾ ಕೆಲಸ ಪಠ್ಯಕ್ರಮದ ಭಾಗವಾಗಿದ್ದರೆ, ಹಕ್ಕು ವಿದ್ಯಾರ್ಥಿ ಮತ್ತು ಸಂಸ್ಥೆ ಇಬ್ಬರಿಗೂ ಜಂಟಿಯಾಗಿ ಸೇರುತ್ತದೆ. ಸಂಸ್ಥೆಯ ಯಾವ ಸೌಲಭ್ಯವನ್ನೂ ಬಳಸದೆ, ಪಠ್ಯದ ಹೊರಗೆ ಮಾಡಿದ್ದರೆ ಅದು ಪೂರ್ತಿ ವಿದ್ಯಾರ್ಥಿಯದ್ದು. ಮನೆಯಲ್ಲಿ, ಸ್ವಂತ ಲ್ಯಾಪ್‌ಟಾಪಿನಲ್ಲಿ, ರಜೆಯಲ್ಲಿ ಬರೆದ ಆ್ಯಪ್ ಒಂದು ಕಡೆ. ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲಿ ಮಾಡಿ ಎಂಟನೇ ಸೆಮಿಸ್ಟರಿಗೆ ಸಲ್ಲಿಸಿದ ಯಂತ್ರ ಇನ್ನೊಂದು ಕಡೆ. ಎರಡರ ಲೆಕ್ಕ ಬೇರೆ. ಆದರೆ ಇದು ಮಾರ್ಗಸೂಚಿ, ಕಾನೂನಲ್ಲ. ಪ್ರತಿ ಕಾಲೇಜು ತನ್ನದೇ ನೀತಿ ಬರೆದುಕೊಳ್ಳಬಹುದು. ಅದನ್ನು ಕೇಳಿ ಪಡೆದು ಓದಬೇಕು.

ಹಕ್ಕು ವಿಶ್ವವಿದ್ಯಾಲಯಕ್ಕೆ ಸೇರಿದರೆ ವಿದ್ಯಾರ್ಥಿ ಮುಳುಗಿಹೋದ ಅಂತಲೂ ಅಲ್ಲ. ಗೂಗಲ್ ಕಥೆ ನೋಡಿ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಪೇಜ್‌ರ‍್ಯಾಂಕ್ ಅನ್ನುವ ವಿಧಾನ ಹುಟ್ಟಿತು. ವೆಬ್ ಪುಟಗಳಲ್ಲಿ ಯಾವುದು ಮುಖ್ಯ ಎಂದು ಅಳೆಯುವ ವಿಧಾನ ಅದು. ಅದರ ಪೇಟೆಂಟ್‌ನಲ್ಲಿ ಕಂಡುಹಿಡಿದವರ ಜಾಗದಲ್ಲಿ ಪೇಜ್ ಹೆಸರಿದೆ. ಮಾಲೀಕರ ಜಾಗದಲ್ಲಿ ಇದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಗೂಗಲ್ ಅದನ್ನು ಬಳಸಲು ಲೈಸೆನ್ಸ್ ಪಡೆಯಿತು, ಬದಲಿಗೆ ವಿಶ್ವವಿದ್ಯಾಲಯಕ್ಕೆ ಷೇರು ಕೊಟ್ಟಿತು. ಆ ಷೇರು ಮಾರಿ ಸ್ಟ್ಯಾನ್‌ಫರ್ಡ್‌ಗೆ ಬಂದದ್ದು ಸುಮಾರು 33.6 ಕೋಟಿ ಡಾಲರ್. ಇಬ್ಬರು ವಿದ್ಯಾರ್ಥಿಗಳು ಏನಾದರು ಅನ್ನುವುದನ್ನು ಹೇಳಬೇಕಾಗಿಲ್ಲ, ಅಲ್ವಾ?

ಈ ಕಥೆಯಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಕಂಡುಹಿಡಿದವರು ಬೇರೆ, ಮಾಲೀಕರು ಬೇರೆ. ಮಾಲೀಕತ್ವವನ್ನು ಕೊಡಬಹುದು, ಮಾರಬಹುದು. ಕಂಡುಹಿಡಿದವರ ಹೆಸರನ್ನು ಹಾಗೆ ಹಂಚುವ ಹಾಗಿಲ್ಲ. ಹೊಸ ಯೋಚನೆಗೆ ನಿಜವಾಗಿ ತಲೆ ಕೊಟ್ಟವರ ಹೆಸರಷ್ಟೇ ಅಲ್ಲಿ ಇರಬೇಕು. ಗೈಡ್ ನಿಜವಾಗಿ ಒಂದು ತೊಡಕು ಬಿಡಿಸಿಕೊಟ್ಟಿದ್ದರೆ ಅವರ ಹೆಸರು ಬರಲೇಬೇಕು. ಗೌರವಕ್ಕೆಂದು ಸುಮ್ನೆ ಸಾಲಾಗಿ ಹೆಸರು ಸೇರಿಸುತ್ತಾ ಹೋದರೆ ಮುಂದೆ ತಕರಾರಿಗೆ ದಾರಿ. ದುಡ್ಡು ಕೊಟ್ಟು ತಂದ ರೆಡಿಮೇಡ್ ಪ್ರಾಜೆಕ್ಟ್ ಆಗಿದ್ದರಂತೂ ಮಾತೇ ಮುಗಿಯಿತು. ಅದನ್ನು ಕಂಡುಹಿಡಿದವರು ನೀವಲ್ಲ.

ಸಿನಿಮಾ ಮತ್ತು ಕೋಡ್‌ಗೆ ಬೇರೆ ನಿಯಮ

ಯಂತ್ರಕ್ಕೆ ಪೇಟೆಂಟ್. ಬರೆದದ್ದಕ್ಕೆ, ಚಿತ್ರಕ್ಕೆ, ಸಂಗೀತಕ್ಕೆ, ಸಿನಿಮಾಕ್ಕೆ, ಕೋಡ್‌ಗೆ ಕಾಪಿರೈಟ್. ಕಾಪಿರೈಟ್‌ಗೆ ಅರ್ಜಿ ಹಾಕಲೇಬೇಕು ಅಂತಿಲ್ಲ. ಬರೆದ ಕ್ಷಣದಿಂದ ಅದು ಇರುತ್ತದೆ. ಕಥೆ, ಕವಿತೆಯಂಥ ಬರಹಕ್ಕೆ ಬರೆದವರ ಆಯುಷ್ಯ ಮತ್ತು ಅದರ ಮೇಲೆ 60 ವರ್ಷ. ಕಾಲೇಜು ಮ್ಯಾಗಜಿನ್‌ಗೆ ಬರೆದ ಕಥೆ ನಿಮ್ಮದೇ. ನೀವು ಕಾಲೇಜಿನ ನೌಕರರಲ್ಲವಲ್ಲ.

ಸಿನಿಮಾದಲ್ಲಿ ಮಾತ್ರ ಒಂದು ತಿರುವಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ನಿರ್ದೇಶಕರಲ್ಲ, ನಿರ್ಮಾಪಕರು. ಅಂದರೆ ಚಿತ್ರ ತಯಾರಿಸುವ ಮುತುವರ್ಜಿ ಮತ್ತು ಜವಾಬ್ದಾರಿ ಹೊತ್ತವರು. ಫಿಲಂ ಶಾಲೆಯೇ ಕ್ಯಾಮೆರಾ, ಬಜೆಟ್ ಎಲ್ಲ ಕೊಟ್ಟು ನಿರ್ಮಾಪಕನಾಗಿ ನಿಂತರೆ ವಿದ್ಯಾರ್ಥಿಯ ಚಿತ್ರದ ಹಕ್ಕು ಶಾಲೆಯ ಕಡೆ ವಾಲುತ್ತದೆ. ಹಾಗಂತ ಹೆಸರು ತಪ್ಪುವುದಿಲ್ಲ. ಮೈಸೂರಿನಲ್ಲಿ ವೈದ್ಯಕೀಯ ಓದಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದ ಚಿದಾನಂದ ಎಸ್. ನಾಯ್ಕ್, ಕನ್ನಡದ ಜನಪದ ಕಥೆಯೊಂದನ್ನು ಹಿಡಿದು ಕಿರುಚಿತ್ರ ಮಾಡಿದರು. ಅದಕ್ಕೆ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಶಾಲೆಯ ಸಂಪನ್ಮೂಲದಲ್ಲೇ ಆದ ಚಿತ್ರ ಅದು. ಜನ ನೆನಪಿಟ್ಟುಕೊಂಡದ್ದು ನಿರ್ದೇಶಕರ ಹೆಸರನ್ನು.

ಕೋಡ್ ಬರೆಯುವವರಿಗೆ ಬೇರೆ ಎಚ್ಚರಿಕೆ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಿಂದ ಎತ್ತಿಕೊಂಡ ಕೋಡ್ ಪುಕ್ಕಟೆ ಇರಬಹುದು, ಷರತ್ತಿಲ್ಲದೆ ಅಲ್ಲ. ಎಂಐಟಿ ಲೈಸೆನ್ಸ್ ಇದ್ದರೆ ಮೂಲದ ಲೈಸೆನ್ಸ್ ಸೂಚನೆ ಉಳಿಸಿಕೊಂಡರೆ ಸಾಕು. ಜಿಪಿಎಲ್ ಅನ್ನುವ ಲೈಸೆನ್ಸ್ ಇದ್ದರೆ, ಅದನ್ನು ಸೇರಿಸಿ ಮಾಡಿದ ಸಾಫ್ಟ್‌ವೇರನ್ನು ಜನರಿಗೆ ಕೊಡುವಾಗ ಮೂಲ ಕೋಡನ್ನೂ ಕೊಡಬೇಕಾಗುತ್ತದೆ. ವೈವಾದಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಹೂಡಿಕೆದಾರರ ವಕೀಲರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ಪೇಟೆಂಟ್ 'ಪಬ್ಲಿಷ್' ಆಯ್ತು ಅಂದರೆ ಸಿಕ್ಕಿತು ಅಂತಲ್ಲ

ಕಾಲೇಜು ಗೇಟಿನ ಬ್ಯಾನರಿನಲ್ಲಿ "ನಮ್ಮ ವಿದ್ಯಾರ್ಥಿಗಳ ಪೇಟೆಂಟ್ ಪ್ರಕಟ" ಎಂದಿರುತ್ತದೆ. ಓದಿದವರು ಪೇಟೆಂಟ್ ಸಿಕ್ಕಿಬಿಟ್ಟಿತು ಅಂದುಕೊಳ್ಳುತ್ತಾರೆ. ನಡೆಯುವುದು ಹೀಗೆ. ಮೊದಲು ಅರ್ಜಿ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ, ಆನ್‌ಲೈನ್‌ನಲ್ಲೇ ಹಾಕಬಹುದು. ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಅರ್ಜಿ ತಾನಾಗಿಯೇ ಪ್ರಕಟವಾಗುತ್ತದೆ. ಬೇಗ ಬೇಕಾದರೆ ಫೀ ಕಟ್ಟಿ ಬೇಗ ಮಾಡಿಸಬಹುದು. ಈ ಹಂತದವರೆಗೆ ಯಾರೂ ಅದನ್ನು ಪರೀಕ್ಷಿಸಿಯೇ ಇರುವುದಿಲ್ಲ. ಆಮೇಲೆ ಪರೀಕ್ಷೆಗೆ ಬೇರೆ ಕೋರಿಕೆ ಸಲ್ಲಿಸಬೇಕು, ಅದಕ್ಕೆ ಬೇರೆ ಫೀ. ಪರೀಕ್ಷಕರು ಆಕ್ಷೇಪಣೆ ಕಳಿಸುತ್ತಾರೆ, ಉತ್ತರ ಕೊಡಬೇಕು. ಇಷ್ಟೆಲ್ಲ ದಾಟಿದರೆ ಮಂಜೂರು. ಆಗ ಅರ್ಜಿ ಹಾಕಿದ ದಿನದಿಂದ 20 ವರ್ಷದ ಹಕ್ಕು, ನಡುವೆ ನವೀಕರಣದ ಫೀ ಕಟ್ಟುತ್ತಾ ಇದ್ದರೆ. ಪರೀಕ್ಷೆಗೆ ಕೋರಿಕೆಯನ್ನೇ ಹಾಕದೆ, ಪ್ರಕಟವಾದ ಫೋಟೋ ಮಾತ್ರ ಇಟ್ಟುಕೊಂಡ ಅರ್ಜಿ ಬ್ಯಾನರಿಗೆ ಸಾಕು, ವ್ಯಾಪಾರಕ್ಕೆ ಸಾಲದು.

ವಿದ್ಯಾರ್ಥಿಗಳು ಎಡವುವ ದೊಡ್ಡ ಜಾಗ ಇನ್ನೊಂದು. ಪೇಟೆಂಟ್ ಸಿಗಲು ವಿಷಯ ಹೊಸದಾಗಿರಬೇಕು. ಹೊಸದು ಅಂದರೆ ಅರ್ಜಿ ಹಾಕುವ ಮೊದಲು ಅದು ಸಾರ್ವಜನಿಕವಾಗಿ ಬಯಲಾಗಿರಬಾರದು. ಟೆಕ್ ಫೆಸ್ಟ್‌ನಲ್ಲಿ ತೋರಿಸಿ, ಯೂಟ್ಯೂಬ್‌ಗೆ ವಿಡಿಯೊ ಹಾಕಿ, ಪೇಪರಿನವರಿಗೆ ಸರ್ಕ್ಯೂಟ್ ಸಮೇತ ವಿವರಿಸಿ, ಆಮೇಲೆ ಅರ್ಜಿ ಹಾಕಿದರೆ ನಿಮ್ಮ ವಿಡಿಯೊವೇ ನಿಮಗೆ ಅಡ್ಡ ಬರಬಹುದು. ಕಾಯ್ದೆಯಲ್ಲಿ 12 ತಿಂಗಳ ವಿನಾಯಿತಿ ಇದೆ. ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ, ಇಂಥ ಕೆಲವಕ್ಕೆ ಮಾತ್ರ. ಕಾಲೇಜು ಫೆಸ್ಟ್ ಆ ಪಟ್ಟಿಗೆ ಬರುತ್ತದೆ ಎಂದು ನಂಬಿ ಕೂರುವುದು ಬೇಡ.

ಇದಕ್ಕೆ ಪರಿಹಾರ ತಾತ್ಕಾಲಿಕ ಅರ್ಜಿ. ಪೂರ್ತಿ ವಿವರ ಸಿದ್ಧವಾಗುವ ಮೊದಲೇ ಐಡಿಯಾದ ತಿರುಳನ್ನು ಬರೆದು ಹಾಕಿ ದಿನಾಂಕ ಕಾಯ್ದಿರಿಸಿಕೊಳ್ಳುವುದು. 12 ತಿಂಗಳೊಳಗೆ ಪೂರ್ತಿ ಅರ್ಜಿ ಹಾಕಬೇಕು. ಆನ್‌ಲೈನ್‌ನಲ್ಲಿ ಹಾಕುವ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಮೂಲ ಫೀ 1,600 ರೂಪಾಯಿ. ದೊಡ್ಡ ಕಂಪನಿಗಳಿಗೆ 8,000. ಬರೆದುಕೊಡುವ ಪೇಟೆಂಟ್ ಏಜೆಂಟರ ಖರ್ಚು ಇದಕ್ಕಿಂತ ಎಷ್ಟೋ ಜಾಸ್ತಿ. ಅದನ್ನು ಕಾಲೇಜು ಕೊಡುತ್ತದೆಯೇ ಅಂತ ಕೇಳಿ ನೋಡಿ. ಕೊಟ್ಟರೆ ಬದಲಿಗೆ ಏನು ಕೇಳುತ್ತದೆ ಅಂತಲೂ ಕೇಳಿ. ಇನ್ನೊಂದು ಮಾತು: ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ನಮ್ಮಲ್ಲಿ ಪೇಟೆಂಟ್ ಇಲ್ಲ. ಆ್ಯಪ್ ಮಾಡಿದವರಿಗೆ ಮೊದಲ ಆಸರೆ ಕಾಪಿರೈಟೇ.

ಇನ್‌ಕ್ಯುಬೇಟರ್ ಏನು ಕೊಡುತ್ತದೆ, ಏನು ಕೇಳುತ್ತದೆ

ಇನ್‌ಕ್ಯುಬೇಟರ್ ಅಂದರೆ ಹೊಸ ಕಂಪನಿಗಳನ್ನು ಬೆಳೆಸುವ ಜಾಗ, ಭತ್ತದ ಸಸಿಮಡಿ ಇದ್ದ ಹಾಗೆ. ಬಿತ್ತವನ್ನು ನೇರ ಗದ್ದೆಗೆ ಚೆಲ್ಲುವ ಬದಲು ಸಣ್ಣ ಮಡಿಯಲ್ಲಿ ಒತ್ತಾಗಿ ಹಾಕಿ, ನೀರು ಗೊಬ್ಬರ ನೋಡಿಕೊಂಡು, ಸಸಿ ಗಟ್ಟಿಯಾದ ಮೇಲೆ ಕಿತ್ತು ನಾಟಿ ಮಾಡುತ್ತಾರೆ. ಇಲ್ಲಿ ನೀರು ಗೊಬ್ಬರ ಅಂದರೆ ಕೂರಲು ಜಾಗ, ಲ್ಯಾಬು, ಲೆಕ್ಕಪತ್ರದ ಸಹಾಯ, ಸಲಹೆ ಕೊಡುವ ಹಿರಿಯರು, ಒಮ್ಮೊಮ್ಮೆ ದುಡ್ಡು. ಸಸಿ ಮಡಿಯಲ್ಲೇ ಉಳಿದರೆ ತೆನೆ ಬಿಡುವುದಿಲ್ಲ. ಹಾಗಾಗಿ ಇಲ್ಲಿಂದ ಹೊರಡುವ ಗಡುವೂ ಇರುತ್ತದೆ.

ಬದಲಿಗೆ ಇನ್‌ಕ್ಯುಬೇಟರ್ ನಡೆಸುವ ಕಾಲೇಜು ಕಂಪನಿಯಲ್ಲಿ ಪಾಲು ಕೇಳಬಹುದು. 2019ರ ನೀತಿ ಸೂಚಿಸುವುದು ಶೇ 2ರಿಂದ ಶೇ 9.5. ಈ 9.5 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅದರ ಒಳಗೇ ನಿಂತರೆ ಸ್ಟಾರ್ಟಪ್‌ನ ತಾಪತ್ರಯಗಳಿಗೆ ಸಂಸ್ಥೆ ಕಾನೂನಿನ ಹೊಣೆ ಹೊರಬೇಕಾಗುವುದಿಲ್ಲ ಅನ್ನುವುದು ನೀತಿ ಕೊಡುವ ಕಾರಣ.

ಪಾಲು ಹೇಗೆ ಕರಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ. ಕಂಪನಿಯಲ್ಲಿ 10,000 ಷೇರು. ಕಾಲೇಜಿಗೆ 500, ಅಂದರೆ ಶೇ 5. ನೀವು ಗೆಳೆಯರ ಬಳಿ 9,500. ಈಗ ಒಬ್ಬರು 20 ಲಕ್ಷ ಹಾಕಿ ಶೇ 10 ಪಾಲು ಕೇಳುತ್ತಾರೆ. ಅವರಿಗೆ ಕೊಡುವುದು ನಿಮ್ಮ ಷೇರನ್ನಲ್ಲ. ಹೊಸದಾಗಿ 1,111 ಷೇರು ಹುಟ್ಟಿಸಿ ಕೊಡುತ್ತಾರೆ. ಒಟ್ಟು 11,111 ಆಯಿತು. ನಿಮ್ಮ 9,500 ಹಾಗೇ ಇದೆ, ಆದರೆ ಶೇ 95 ಇದ್ದದ್ದು ಶೇ 85.5ಕ್ಕೆ ಇಳಿಯಿತು. ಕಾಲೇಜಿನದೂ ಶೇ 4.5 ಆಯಿತು. ಶೇ 10ಕ್ಕೆ 20 ಲಕ್ಷ ಅಂದರೆ ಇಡೀ ಕಂಪನಿಗೆ 2 ಕೋಟಿ ಬೆಲೆ ಕಟ್ಟಿದ ಹಾಗೆ. ಪೇಪರಿನಲ್ಲಿ ಬರುವ 'ಇಷ್ಟು ಕೋಟಿ ಮೌಲ್ಯದ ಸ್ಟಾರ್ಟಪ್' ಅನ್ನುವ ಸುದ್ದಿಯ ಹಿಂದಿನ ಲೆಕ್ಕ ಇಷ್ಟೇ. ಬ್ಯಾಂಕಿನಲ್ಲಿ ಇರುವುದು 20 ಲಕ್ಷ.

ಪಾಲು ಕೊಡದೆ ಸಿಗುವ ದುಡ್ಡೂ ಇದೆ. ಅದಕ್ಕೆ ಗ್ರ್ಯಾಂಟ್ ಅನ್ನುತ್ತಾರೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಸಹಾಯಧನ ಕೊಡುತ್ತಾ ಬಂದಿದೆ. ಮೊತ್ತ ಸಣ್ಣದು, ಬಿಡಿಭಾಗ ಕೊಳ್ಳಲು ಸಾಕಾಗುವಷ್ಟು. ಕೇಂದ್ರದ ನಿಧಿ ಪ್ರಯಾಸ್ ಯೋಜನೆಯಲ್ಲಿ ಪ್ರೊಟೊಟೈಪ್‌ಗೆ 10 ಲಕ್ಷದವರೆಗೆ ಸಿಗುತ್ತದೆ. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಗ್ರ್ಯಾಂಟ್ 20 ಲಕ್ಷದವರೆಗೆ ಎಂದಿತ್ತು. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ. ಕೊನೆಯ ಎರಡಕ್ಕೂ ಕಂಪನಿ ನೋಂದಣಿ ಆಗಿರಬೇಕು. ಗ್ರ್ಯಾಂಟ್ ಅಂದರೆ ಬಹುಮಾನದ ದುಡ್ಡಲ್ಲ, ಬಿಲ್ಲು ತೋರಿಸಬೇಕು.

ನಾಲ್ವರು ಗೆಳೆಯರು, ನಾಲ್ಕು ಪಾಲು

ಪ್ರಾಜೆಕ್ಟ್ ಬ್ಯಾಚಿನಲ್ಲಿ ನಾಲ್ವರು. ಕಂಪನಿ ಮಾಡುವಾಗಲೂ ತಲಾ ಶೇ 25 ಎಂದು ಹಂಚಿಕೊಳ್ಳುತ್ತಾರೆ. ಆರು ತಿಂಗಳಿಗೆ ಒಬ್ಬ ಎಂಎಸ್ ಮಾಡಲು ಅಮೆರಿಕಕ್ಕೆ ಹೋಗುತ್ತಾನೆ. ಅವನ ಶೇ 25 ಅವನ ಹತ್ತಿರವೇ ಇರುತ್ತದೆ. ಉಳಿದ ಮೂವರು ಹತ್ತು ವರ್ಷ ದುಡಿದರೂ ಕಾಲು ಭಾಗ ಅವನದೇ. ಹೂಡಿಕೆದಾರರು ಇಂಥ ಕಂಪನಿ ಕಂಡರೆ ಹಿಂದೆ ಸರಿಯುತ್ತಾರೆ.

ಇದನ್ನು ತಪ್ಪಿಸುವ ಕರಾರಿಗೆ ವೆಸ್ಟಿಂಗ್ ಎಂದು ಹೆಸರು. ಪಾಲು ಮೊದಲ ದಿನವೇ ಪೂರ್ತಿ ಕೈಗೆ ಬರುವುದಿಲ್ಲ, ದುಡಿಯುತ್ತಾ ಹೋದ ಹಾಗೆ ಬರುತ್ತದೆ. ಸಾಮಾನ್ಯ ಪದ್ಧತಿ ನಾಲ್ಕು ವರ್ಷ. ಮೊದಲ ವರ್ಷ ತುಂಬುವ ಮೊದಲು ಹೋದರೆ ಏನೂ ಇಲ್ಲ. ವರ್ಷ ತುಂಬಿದರೆ ತನ್ನ ಪಾಲಿನ ಕಾಲು ಭಾಗ, ಅಂದರೆ ಕಂಪನಿಯ ಶೇ 6.25. ಆಮೇಲೆ ತಿಂಗಳು ತಿಂಗಳಿಗೆ ಇಷ್ಟಿಷ್ಟು. ಗೆಳೆಯರ ನಡುವೆ ಇಂಥ ಕಾಗದ ಬರೆಸುವುದು ಮುಜುಗರ ನಿಜ. ಜಗಳ ಶುರುವಾದ ಮೇಲೆ ಬರೆಸಲು ಆಗುವುದೇ ಇಲ್ಲ.

ಎಲ್ಲವೂ ಕಂಪನಿ ಆಗಬೇಕಿಲ್ಲ

2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ ಸಿ15 ರಾಕೆಟ್ಟಿನಲ್ಲಿ ಒಂದು ಕಿಲೋಗಿಂತ ಹಗುರಾದ ಉಪಗ್ರಹವಿತ್ತು. ಹೆಸರು ಸ್ಟಡ್‌ಸ್ಯಾಟ್. ಬೆಂಗಳೂರು ಮತ್ತು ಹೈದರಾಬಾದಿನ ಕಡೆಯ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ್ದು. ಮುಂದಾಳತ್ವ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನದು. ಮಾರಾಟದ ಯೋಚನೆ ಅದರಲ್ಲಿ ಇರಲಿಲ್ಲ. 2016ರಲ್ಲಿ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಕೂಡ ಹೀಗೇ ಹೋಯಿತು. ಉಪಗ್ರಹ ಕಟ್ಟುವುದು ಹೇಗೆ ಎಂದು ಕೈಯಾರೆ ಕಲಿಯುವುದೇ ಇವುಗಳ ಉದ್ದೇಶ.

ಅದೇ ಕ್ಷೇತ್ರದಲ್ಲಿ ಕಂಪನಿ ಕಟ್ಟಿದವರೂ ಇದ್ದಾರೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್, ಗೆಳೆಯ ಕ್ಷಿತಿಜ್ ಖಂಡೇಲ್ವಾಲ್ ಜೊತೆ 2019ರಲ್ಲಿ ಪಿಕ್ಸೆಲ್ ಅನ್ನುವ ಉಪಗ್ರಹ ಕಂಪನಿ ಶುರು ಮಾಡಿದಾಗ ಇಬ್ಬರೂ ಬಿಟ್ಸ್ ಪಿಲಾನಿಯ ವಿದ್ಯಾರ್ಥಿಗಳು. ಅದಕ್ಕೂ ಮೊದಲು ಅವೈಸ್ ವಿದ್ಯಾರ್ಥಿಗಳ ಹೈಪರ್‌ಲೂಪ್ (ಕೊಳವೆಯೊಳಗೆ ಅತಿ ವೇಗವಾಗಿ ಓಡುವ ವಾಹನ) ತಂಡದಲ್ಲಿದ್ದರು. ಆ ಪ್ರಾಜೆಕ್ಟ್ ವ್ಯಾಪಾರವಾಗಲಿಲ್ಲ, ಆದರೆ ದೊಡ್ಡ ಯಂತ್ರ ಕಟ್ಟುವ ಧೈರ್ಯ ಅಲ್ಲಿಂದ ಬಂತು ಅನ್ನಬಹುದು. 2022ರಲ್ಲಿ ಅವರ ಕಂಪನಿಯ ಉಪಗ್ರಹ 'ಶಕುಂತಲಾ' ಕಕ್ಷೆ ಸೇರಿತು.

ಓದು ಬಿಡಬೇಕಾ?

ಮನೆಯವರ ಮೊದಲ ಪ್ರಶ್ನೆ ಇದೇ. ಬಿಡಬೇಕಾಗಿಲ್ಲ. ಸ್ಟಾರ್ಟಪ್ ಕೆಲಸವನ್ನೇ ಮಿನಿ ಪ್ರಾಜೆಕ್ಟ್ ಅಥವಾ ಮುಖ್ಯ ಪ್ರಾಜೆಕ್ಟ್ ಎಂದು ಒಪ್ಪಬಹುದು ಎಂದು 2019ರ ನೀತಿ ಹೇಳುತ್ತದೆ. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ಪಡೆದು ಮತ್ತೆ ಬಂದು ಸೇರಲು ಅವಕಾಶ ಕೊಡಿ ಎಂದೂ ಹೇಳುತ್ತದೆ. ಕೊಡುವುದು ಬಿಡುವುದು ಆಯಾ ಸಂಸ್ಥೆಗೆ ಬಿಟ್ಟದ್ದು. ಬಿಡುವು ತೆಗೆದುಕೊಳ್ಳುವವರು ಎರಡು ವಿಷಯವನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ವಾಪಸ್ ಬಂದಾಗ ಯಾವ ವರ್ಷದ ಸ್ಕೀಮಿನ ಸಿಲೆಬಸ್ ಅನ್ವಯಿಸುತ್ತದೆ ಅನ್ನುವುದು ಒಂದು. ವಿದ್ಯಾರ್ಥಿವೇತನ ಮತ್ತು ಶಿಕ್ಷಣ ಸಾಲದ ಗತಿ ಏನು ಅನ್ನುವುದು ಇನ್ನೊಂದು. ಸಾಲ ಕೊಟ್ಟ ಬ್ಯಾಂಕಿಗೂ ಆ ಪತ್ರದ ಒಂದು ಪ್ರತಿ ಕೊಡಬೇಕು. ಇಲ್ಲದಿದ್ದರೆ ಓದು ಮುಗಿಯಿತು ಎಂದುಕೊಂಡು ಬ್ಯಾಂಕು ಕಂತು ಶುರು ಮಾಡಬಹುದು.